ಮಧುಗಿರಿಯ ಚಪ್ಪಡಿ ಮನೆ: ವೈಫೈ, ಡೇಟಾ, ಬ್ಯಾಟರಿ ಅಳೆದು ನೋಡಿದ ಲೆಕ್ಕ

ಮಧುಗಿರಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಒಂದು ಜಗಳ ಬಹಳ ದಿನದಿಂದ ನಡೆದಿತ್ತು. ವೈಫೈ ಹಾಕಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಅನ್ನುವುದು ಭಾವನ ವಾದ. ವೈಫೈಗಿಂತ ಡೇಟಾನೇ ಸ್ಪೀಡು ಅನ್ನುವುದು ಅವರ ಮಗಳ ವಾದ. ತಿಂಗಳು ತಿಂಗಳು ಫೈಬರ್‌ಗೆ ದುಡ್ಡು ಕಟ್ಟುವವಳು ಅಕ್ಕ. ಅವಳಿಗೆ ಇಬ್ಬರ ಮೇಲೂ ಸಿಟ್ಟು. ತಮಾಷೆ ಏನೆಂದರೆ, ಆ ಮನೆಯ ಮಟ್ಟಿಗೆ ಇಬ್ಬರ ಮಾತಿನಲ್ಲೂ ನಿಜ ಇತ್ತು. ಯಾಕೆ ಅಂತ ಅಳೆದು ನೋಡಿ, ಒಂದಿಷ್ಟು ರಿಪೇರಿ ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮನೆಯ ಬಗ್ಗೆ ಹೇಳಬೇಕು. ಅರ್ಧ ಉತ್ತರ ಅಲ್ಲೇ ಇದೆ. ಹಳೇ ಕಾಲದ ಚಪ್ಪಡಿ ಮನೆ ಅದು. ಕಲ್ಲು ಮಣ್ಣಿನ ಗೋಡೆ, ಎರಡು ಅಡಿ ದಪ್ಪ. ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಗಾರೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ನಡುಮನೆಗೆ ಅಂಟಿಕೊಂಡು ಕಿಟಕಿ ಇಲ್ಲದ ಒಂದು ಒಳರೂಮು. ಬೇಸಿಗೆಯಲ್ಲಿ ತಣ್ಣಗಿರುತ್ತದೆ ಅಂತ ಭಾವ ಮಲಗುವುದು ಅಲ್ಲೇ. ಫೋನು ಇಡುವುದೂ ಅಲ್ಲೇ. ಮನೆಯ ಒಂದು ಮಗ್ಗುಲಿಗೆ ಏಕಶಿಲಾ ಬೆಟ್ಟ. ನೋಡುವುದಕ್ಕೆ ಚೆಂದ, ಆದರೆ ಆ ದಿಕ್ಕಿನಿಂದ ಬರಬೇಕಾದ ಟವರ್ ಸಿಗ್ನಲ್ಲಿಗೆ ಅದು ಒಂದೇ ಬಂಡೆಯ ಗೋಡೆ. ಆಚೆ ಕಡೆ ಟವರ್ ಇದ್ದರೂ ಈ ಮನೆಗೆ ಇಲ್ಲದ ಲೆಕ್ಕ.

ಫೈಬರ್ ಪಡಸಾಲೆಗೆ ಬರುತ್ತದೆ. 200 ಎಂಬಿಪಿಎಸ್ ಪ್ಲಾನು. ಫೈಬರ್ ಹುಡುಗರು ವೈಫೈ ಡಬ್ಬಿಯನ್ನು ಸಜ್ಜದ ಮೇಲೆ ಕೂರಿಸಿ ಹೋಗಿದ್ದರು. ಅದರ ಅಕ್ಕಪಕ್ಕ ಒಂದು ಕಬ್ಬಿಣದ ಟ್ರಂಕು, ಎರಡು ತಾಮ್ರದ ಹಂಡೆ. ಲೋಹದ ಮಧ್ಯೆ ಆಂಟೆನಾ ಇಟ್ಟರೆ ಏನಾಗಬೇಕೋ ಅದೇ ಆಗಿತ್ತು. ಅಲ್ಲಿಂದ ಒಂದು ಲ್ಯಾನ್ ಕೇಬಲ್ ಗೋಡೆ ತೂತು ದಾಟಿ ನಡುಮನೆಯ ಸ್ಮಾರ್ಟ್ ಟಿವಿಗೆ ಹೋಗಿತ್ತು. ಈ ಕೇಬಲ್ಲಿನ ಕಥೆ ಆಮೇಲೆ ಬರುತ್ತದೆ.

ಸ್ಪೀಡು

ಸುಮ್ನೆ ಸ್ಪೀಡ್ ಟೆಸ್ಟ್ ಆ್ಯಪ್ ಒತ್ತಿದರೆ ಒಂದು ನಂಬರ್ ಬರುತ್ತದೆ. ಆದರೆ ತಡೆ ಗೋಡೆಯದ್ದೋ, ಹೊರಗಿನ ಇಂಟರ್‌ನೆಟ್ಟಿನದ್ದೋ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಎರಡು ಬಗೆಯಲ್ಲಿ ಅಳೆದೆ. ಒಂದು, ಮಾಮೂಲಿ ಸ್ಪೀಡ್ ಟೆಸ್ಟ್. ಇನ್ನೊಂದು, ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ವೈಫೈ ಡಬ್ಬಿಗೆ ಸಿಕ್ಕಿಸಿ, ಅದರಲ್ಲಿ ಐಪರ್ಫ್ ಅನ್ನುವ ಸ್ಪೀಡ್ ಅಳೆಯುವ ಸಾಫ್ಟ್‌ವೇರ್ ಓಡಿಸಿ, ಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ಎಷ್ಟು ಹರಿಯುತ್ತದೆ ಅಂತ ನೋಡುವುದು. ಎರಡನೆಯದರಲ್ಲಿ ಹೊರಗಿನ ಇಂಟರ್‌ನೆಟ್ ಬರುವುದೇ ಇಲ್ಲ. ಡಬ್ಬಿಗೂ ಫೋನಿಗೂ ನಡುವಿನ ವೈಫೈ ಮಾತ್ರ.

ಸಿಗ್ನಲ್ಲಿನ ಬಲವನ್ನು ಡಿಬಿಎಂನಲ್ಲಿ ಬರೆದುಕೊಂಡೆ. ಆಂಡ್ರಾಯ್ಡಿನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ, ಮೊಬೈಲ್ ಸಿಗ್ನಲ್ ಅಲ್ಲಿ ಕಾಣುತ್ತದೆ. ಸುಮಾರು ಫೋನುಗಳಲ್ಲಿ *#*#4636#*#* ಒತ್ತಿದರೂ ಬರುತ್ತದೆ. ಕಡ್ಡಿಗಳನ್ನು ನಾನು ನಂಬುವುದಿಲ್ಲ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಅನ್ನುವುದು ಫೋನಿನಿಂದ ಫೋನಿಗೆ ಬೇರೆ. ಫೋನಿಗೆ ಬಂದು ಮುಟ್ಟುವ ಸಿಗ್ನಲ್ ಬಲು ಸಣ್ಣದು, ಹಾಗಾಗಿ ಅದರ ಡಿಬಿಎಂ ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 10 ಕಡಿಮೆಯಾದರೆ ಬಲ ಹತ್ತನೇ ಒಂದು ಪಾಲಿಗೆ ಇಳಿಯಿತು ಅಂತ ಅರ್ಥ.

ವೈಫೈ ಡಬ್ಬಿ ಎರಡು ಆವರ್ತನದಲ್ಲಿ ಕಳಿಸುತ್ತದೆ: ಸ್ಪೀಡು ಹೆಚ್ಚು, ಗೋಡೆ ದಾಟುವುದು ಕಡಿಮೆ ಇರುವ 5 ಗಿಗಾಹರ್ಟ್ಸ್; ನಿಧಾನ, ಆದರೆ ಹೆಚ್ಚು ದೂರ ಹೋಗುವ 2.4 ಗಿಗಾಹರ್ಟ್ಸ್. ಪಡಸಾಲೆಯಲ್ಲಿ 5 ಗಿಗಾಹರ್ಟ್ಸ್ ವೈಫೈ ಜೋರಾಗಿತ್ತು. ಐಪರ್ಫ್ 430 ಎಂಬಿಪಿಎಸ್ ತೋರಿಸಿತು. ಹೊರಗಿನ ಸ್ಪೀಡ್ ಟೆಸ್ಟ್ ಪ್ಲಾನಿನ 200ರ ಹತ್ತಿರವೇ ನಿಂತಿತು. ನಡುಮನೆಗೆ ಬಂದರೆ 60ರ ಆಸುಪಾಸು. ಒಳರೂಮಿನಲ್ಲಿ 5 ಗಿಗಾಹರ್ಟ್ಸ್ ಕಾಣಿಸಲೇ ಇಲ್ಲ. ಫೋನು 2.4 ಗಿಗಾಹರ್ಟ್ಸಿಗೆ ಇಳಿದು, ಮೈನಸ್ 82ರಲ್ಲಿ ಜೋತುಬಿದ್ದು, 6ರಿಂದ 9 ಎಂಬಿಪಿಎಸ್ ಎಳೆಯುತ್ತಿತ್ತು. ಐಪರ್ಫೂ ಅಷ್ಟೇ, ಸ್ಪೀಡ್ ಟೆಸ್ಟೂ ಅಷ್ಟೇ. ಅಂದರೆ ಫೈಬರಿನದ್ದು ಏನೂ ತಪ್ಪಿಲ್ಲ, ಎಲ್ಲಾ ಗೋಡೆಯದ್ದೇ.

ಮೊಬೈಲ್ ಡೇಟಾದ ಚಿತ್ರ ಇನ್ನೊಂದು ಥರ. ತಾರಸಿ ಮೇಲೆ 4ಜಿ ಮೈನಸ್ 86, ಬೆಳಿಗ್ಗೆ 40 ಚಿಲ್ಲರೆ ಎಂಬಿಪಿಎಸ್. 5ಜಿ ಸಿಕ್ಕಾಗ 180ರ ಮೇಲೆ. ಇದೇ ಹುಡುಗಿಯ ವಾದದ ಬೇರು. ಅವಳು ಓದುವುದು ತಾರಸಿಯ ನೆರಳಿನಲ್ಲಿ. ವೈಫೈ ಚಪ್ಪಡಿ ದಾಟಿ ಮೇಲೆ ಬರುವಷ್ಟರಲ್ಲಿ ಸತ್ತಿರುತ್ತದೆ. ಅವಳಿಗೆ ಡೇಟಾನೇ ಸ್ಪೀಡು, ಸುಳ್ಳೇನಿಲ್ಲ. ಆದರೆ ಸಂಜೆ ಏಳರ ಮೇಲೆ ಅದೇ ಜಾಗದಲ್ಲಿ 4ಜಿ 12ಕ್ಕೆ ಇಳಿಯುತ್ತಿತ್ತು. ಟವರಿನ ಸಾಮರ್ಥ್ಯವನ್ನು ಸುತ್ತಲಿನ ಫೋನುಗಳೆಲ್ಲ ಹಂಚಿಕೊಳ್ಳುತ್ತವೆ. ಊರೆಲ್ಲ ಊಟ ಮುಗಿಸಿ ರೀಲ್ಸ್ ನೋಡುವ ಹೊತ್ತು ಅದು.

ಒಳರೂಮಿನಲ್ಲಿ 4ಜಿ ಮೈನಸ್ 116. ತಾರಸಿಗಿಂತ 30 ಡಿಬಿ ಕಡಿಮೆ, ಅಂದರೆ ಸಾವಿರದಲ್ಲಿ ಒಂದು ಪಾಲು. ಡೌನ್‌ಲೋಡ್ 2ರಿಂದ 4, ಅಪ್‌ಲೋಡ್ 1 ಕೂಡ ಇಲ್ಲ. 5ಜಿ ಬಾಗಿಲಲ್ಲೇ ನಿಲ್ಲುತ್ತದೆ. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಸುವುದು 3300 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡು. ಅಲೆಯ ಆವರ್ತನ ಹೆಚ್ಚಿದಷ್ಟೂ ದಪ್ಪ ಗೋಡೆ ದಾಟುವುದು ಕಷ್ಟ. 4ಜಿಯಲ್ಲೂ 850, 900 ಮೆಗಾಹರ್ಟ್ಸಿನವು ಒಳಗೆ ನುಗ್ಗಿದಷ್ಟು 2300ರದ್ದು ನುಗ್ಗುವುದಿಲ್ಲ.

ಬ್ಯಾಟರಿ

ಬ್ಯಾಟರಿ ಅಳೆಯುವುದು ತುಸು ನಾಜೂಕಿನ ಕೆಲಸ. ಶೇಕಡಾ ನೋಡಿಕೊಂಡು ಕೂತರೆ ಏನೂ ಗೊತ್ತಾಗುವುದಿಲ್ಲ. ಒಂದು ಅಂಕಿ ಇಳಿಯುವುದಕ್ಕೆ 50 ಎಂಎಎಚ್ (ಬ್ಯಾಟರಿಯಲ್ಲಿರುವ ಚಾರ್ಜಿನ ಅಳತೆ) ಹೋಗಿರಬೇಕು, 5000 ಎಂಎಎಚ್ ಬ್ಯಾಟರಿಯಲ್ಲಿ. ಅದಕ್ಕೆ ಲ್ಯಾಪ್‌ಟಾಪಿನಿಂದ ಎಡಿಬಿಯಲ್ಲಿ (ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕಳಿಸುವ ಸಾಫ್ಟ್‌ವೇರ್) ಡಂಪ್‌ಸಿಸ್ ಬ್ಯಾಟರಿ ಆಜ್ಞೆ ಕೊಟ್ಟು, ಅದರಲ್ಲಿ ಬರುವ ಚಾರ್ಜ್ ಕೌಂಟರ್ ನಂಬರ್ ಬರೆದುಕೊಂಡೆ. ಅದು ಮೈಕ್ರೋ ಆಂಪಿಯರ್ ಅವರ್‌ನಲ್ಲಿ ಇರುತ್ತದೆ, ಸಾವಿರದಿಂದ ಭಾಗಿಸಿದರೆ ಎಂಎಎಚ್. ಒಂದು ಎಚ್ಚರ: ಯುಎಸ್‌ಬಿ ಸಿಕ್ಕಿಸಿದ ತಕ್ಷಣ ಫೋನು ಚಾರ್ಜ್ ಆಗಲು ಶುರುವಾಗುತ್ತದೆ. ಹಾಗಾಗಿ ಕೇಬಲ್ ತೆಗೆಯುವ ಮುಂಚೆ ಒಂದು ರೀಡಿಂಗ್, ಟೆಸ್ಟ್ ಮುಗಿದು ಕೇಬಲ್ ಹಾಕಿದ ಕೂಡಲೇ ಇನ್ನೊಂದು. ನಡುವೆ ಮುಟ್ಟುವ ಹಾಗಿಲ್ಲ.

ಫೋನು ಭಾವನದ್ದೇ. ಸ್ಕ್ರೀನಿನ ಬೆಳಕು ಅರ್ಧಕ್ಕೆ, ಆಟೋ ಆಫ್. ಪ್ರತಿ ಸಲ ಅದೇ ವಿಡಿಯೋ, ಅದೇ 480ಪಿ, ಒಂದು ಗಂಟೆ. ಒಳರೂಮಿನ ಬಡಕಲು ಸಿಗ್ನಲ್ಲಿನಲ್ಲೂ ನಿಲ್ಲದೆ ಓಡಲಿ ಅಂತಲೇ 480 ಇಟ್ಟದ್ದು.

ಮೊದಲು ವಿಡಿಯೋವನ್ನು ಫೋನಿಗೆ ಇಳಿಸಿಕೊಂಡು, ಏರೋಪ್ಲೇನ್ ಮೋಡಿನಲ್ಲಿ ಓಡಿಸಿದೆ. 265 ಎಂಎಎಚ್ ಹೋಯಿತು. ಇದು ಸ್ಕ್ರೀನು, ಪ್ರೊಸೆಸರು, ಸ್ಪೀಕರಿನ ಪಾಲು. ಈ ಲೆಕ್ಕ ಇಲ್ಲದೆ ಉಳಿದದ್ದಕ್ಕೆ ಬೆಲೆ ಇಲ್ಲ. ಆಮೇಲೆ ಪಡಸಾಲೆ ವೈಫೈನಲ್ಲಿ 310. ಬಾಗಿಲ ಹತ್ತಿರ ಚೆನ್ನಾಗಿ ಸಿಗುವ 4ಜಿಯಲ್ಲಿ 390. ಒಳರೂಮಿನ ಬಡಕಲು ವೈಫೈನಲ್ಲಿ 370. ಒಳರೂಮಿನ 4ಜಿಯಲ್ಲಿ 610.

265 ಕಳೆದು ನೋಡಿ. ರೇಡಿಯೋ, ಅಂದರೆ ಫೋನಿನಲ್ಲಿ ಸಿಗ್ನಲ್ ಕಳಿಸಿ ಪಡೆಯುವ ಭಾಗ, ತಿಂದದ್ದು ಕ್ರಮವಾಗಿ 45, 125, 105, 345. ಒಳರೂಮಿನ 4ಜಿ ಪಡಸಾಲೆ ವೈಫೈಗಿಂತ ಏಳು ಪಟ್ಟಿಗೂ ಜಾಸ್ತಿ ತಿಂದಿದೆ. ಆದರೆ ನನಗೆ ಹೆಚ್ಚು ಕುತೂಹಲ ಅನ್ನಿಸಿದ್ದು ನಡುವಿನ ಎರಡು ಅಂಕಿ. ಕೆಟ್ಟ ವೈಫೈಗೂ ಒಳ್ಳೆಯ 4ಜಿಗೂ ನಡುವೆ ವ್ಯತ್ಯಾಸ ಬರೀ 20. ವೈಫೈ ಅಂದ ಮಾತ್ರಕ್ಕೆ ಉಳಿತಾಯ ಅಂತೇನಿಲ್ಲ. ಫೋನು ಕೂತ ಜಾಗದಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವುದೇ ಮುಖ್ಯ.

ಕಾರಣ ಹೀಗೆ. 4ಜಿ ಫೋನು ದೂರದ ಟವರಿಗೆ ತನ್ನ ಮಾತು ಮುಟ್ಟಿಸಬೇಕು. ಗರಿಷ್ಠ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್ ತನಕ ಕಳಿಸಬಹುದು. ಟವರು ಹತ್ತಿರ ಇದ್ದರೆ ಅದರ ಸಣ್ಣ ಭಾಗ ಸಾಕು, ಟವರೇ ಫೋನಿಗೆ ಎಷ್ಟು ಜೋರು ಬೇಕು ಅಂತ ಹೇಳುತ್ತಿರುತ್ತದೆ. ಒಳರೂಮಿನಲ್ಲಿ ಫೋನು ಸಂತೆಯಲ್ಲಿ ಕೂಗಿ ಮಾತಾಡುವವರ ಹಾಗೆ ಗರಿಷ್ಠದಲ್ಲೇ ಕೂಗುತ್ತಿರುತ್ತದೆ. ಸಿಗ್ನಲ್ ಕೆಟ್ಟಿದ್ದಾಗ ನಿಧಾನದ ರೇಟಿಗೆ ಇಳಿಯಬೇಕು, ತಪ್ಪಿದ್ದನ್ನು ಮತ್ತೆ ಕಳಿಸಬೇಕು. ಅಷ್ಟೇ ಡೇಟಾಕ್ಕೆ ರೇಡಿಯೋ ಹೆಚ್ಚು ಹೊತ್ತು ಎಚ್ಚರ ಇರುತ್ತದೆ. ಜೊತೆಗೆ 4ಜಿಯಲ್ಲಿ ಒಂದು ಬಾಲ ಇದೆ. ಒಂದು ವಾಟ್ಸಾಪ್ ಮೆಸೇಜ್ ಬಂದು ಹೋದರೂ, ಇನ್ನೇನಾದರೂ ಬರಬಹುದು ಅಂತ ರೇಡಿಯೋ ಕೆಲವು ಸೆಕೆಂಡು ಎದ್ದೇ ಇರುತ್ತದೆ. ಸಣ್ಣ ಸಣ್ಣ ನೋಟಿಫಿಕೇಶನ್ ಜಾಸ್ತಿ ಬರುವ ಫೋನಿಗೆ ಈ ಬಾಲವೇ ಹೊರೆ. ವೈಫೈನಲ್ಲಿ ಡಬ್ಬಿ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್, ಅಂದರೆ ನಾನಿಲ್ಲಿದ್ದೇನೆ ಅನ್ನುವ ಸಣ್ಣ ಸಂಕೇತ, ಕೊಡುತ್ತದೆ. ಫೋನು ನಡುನಡುವೆ ನಿದ್ದೆ ಮಾಡಿ, ಬೇಕಾದ ಬೀಕನ್ನಿಗೆ ಮಾತ್ರ ಎದ್ದು, ತನಗೇನಾದರೂ ಬಂದಿದೆಯಾ ಅಂತ ನೋಡಿ ಮತ್ತೆ ಮಲಗುತ್ತದೆ.

ಇಷ್ಟಾದರೂ ಭಾವನ ದೂರಿಗೆ ಉತ್ತರ ಸಿಕ್ಕಿರಲಿಲ್ಲ.

"ನಿನ್ನ ಲೆಕ್ಕ ಸರಿ ಕಣಪ್ಪ. ಆದರೆ ನಾನು ರಾತ್ರಿ ವೀಡಿಯೋ ಎಲ್ಲಿ ನೋಡ್ತೀನಿ? ವೈಫೈ ಆನ್ ಮಾಡಿ ಮಲಗಿದರೆ ಬೆಳಿಗ್ಗೆ ಅಷ್ಟೊಂದು ಇಳಿದಿರುತ್ತಲ್ಲ, ಅದು ಯಾಕೆ?" ಅಂದರು.

ಪ್ರಶ್ನೆ ಸರಿಯಾಗಿತ್ತು. ಹುಡುಗಿಗೆ ಒಂದು ನೋಟ್ ಪುಸ್ತಕ ಕೊಟ್ಟು, ಭಾವ ಮಲಗುವಾಗ ಒಂದು, ಎದ್ದಾಗ ಒಂದು ಶೇಕಡಾ ಬರೆದಿಡಲು ಹೇಳಿದೆ. ವೈಫೈ ಆನ್, ಫೋನು ಒಳರೂಮು: ರಾತ್ರಿಗೆ ಶೇ 14 ಖಾಲಿ. ಸ್ಕ್ರೀನು ಮುಟ್ಟಿಯೇ ಇಲ್ಲ. ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಇಟ್ಟರೆ ಶೇ 4. ವೈಫೈ ಎರಡೂ ಸಲ ಆನ್ ಇದ್ದದ್ದೇ. ಹಾಗಾದರೆ ನಡುವಿನ ಶೇ 10 ತಿಂದದ್ದು ಯಾರು?

ಮೊಬೈಲ್ ರೇಡಿಯೋ. ವೈಫೈ ಹಾಕಿದರೆ ಡೇಟಾ ಮಾತ್ರ ಆ ಕಡೆ ತಿರುಗುತ್ತದೆ. ಕಾಲ್, ಎಸ್ಸೆಮ್ಮೆಸ್ಸಿಗಾಗಿ ಮೊಬೈಲ್ ರೇಡಿಯೋ ಟವರಿನ ಜೊತೆ ಇದ್ದೇ ಇರುತ್ತದೆ. ಒಳ್ಳೆ ಸಿಗ್ನಲ್ಲಿನಲ್ಲಿ ಅದರ ಖರ್ಚು ಜುಜುಬಿ. ಒಳರೂಮಿನಲ್ಲಿ ಹಾಗಲ್ಲ. ಭಾವನ ಫೋನಿನಲ್ಲಿ ಎರಡು ಸಿಮ್. ಎರಡನೆಯದು ಹಳೇ ನಂಬರ್, ಯಾರೋ ಒಬ್ಬರಿಬ್ಬರು ಅದಕ್ಕೇ ಮಾಡುತ್ತಾರೆ ಅಂತ ಇಟ್ಟುಕೊಂಡದ್ದು. ಅದಕ್ಕೆ ಆ ರೂಮಿನಲ್ಲಿ ಸಿಗ್ನಲ್ಲೇ ಇಲ್ಲ. ನೋ ಸರ್ವಿಸ್ ಅಂತ ತೋರಿಸಿಕೊಂಡು, ರಾತ್ರಿ ಇಡೀ ಒಂದೊಂದೇ ಬ್ಯಾಂಡ್ ಹುಡುಕುತ್ತಾ ಇರುತ್ತದೆ. ಆ ಸಿಮ್ಮನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿ ನೋಡಿದರೆ 14 ಇದ್ದದ್ದು 7ಕ್ಕೆ ಬಂತು. ಆಮೇಲೆ ಡೆವಲಪರ್ ಆಪ್ಶನ್ಸ್ ಒಳಗೆ ಮೊಬೈಲ್ ಡೇಟಾ ಆಲ್ವೇಸ್ ಆ್ಯಕ್ಟಿವ್ ಅಂತ ಒಂದು ಗುಂಡಿ ಆನ್ ಇತ್ತು. ವೈಫೈ ಇದ್ದರೂ ಡೇಟಾ ಸಂಪರ್ಕ ಹಿಡಿದುಕೊಂಡೇ ಇರು, ವೈಫೈ ಹೋದರೆ ಥಟ್ಟನೆ ಬದಲಾಯಿಸಬಹುದು ಅನ್ನುವ ಸೌಲಭ್ಯ ಅದು. ಆಫ್ ಮಾಡಿದೆ. ನೆಟ್‌ವರ್ಕ್ ಆಯ್ಕೆಯನ್ನು 5ಜಿಯಿಂದ 4ಜಿಗೆ ಇಳಿಸಿದೆ, ಯಾಕೆಂದರೆ ಮನೆಯೊಳಗೆ 5ಜಿ ಬರುತ್ತಾ ಹೋಗುತ್ತಾ ಇತ್ತು. 5ಜಿಯನ್ನು 4ಜಿ ಆಧಾರದ ಮೇಲೆ ಕೊಡುವ ನೆಟ್‌ವರ್ಕಿನಲ್ಲಿ ಫೋನು ಎರಡು ರೇಡಿಯೋ ಒಟ್ಟಿಗೆ ನಡೆಸಬೇಕಾಗುತ್ತದೆ, ಅದೂ ಖರ್ಚೇ.

ಅಂದರೆ ಭಾವ ಕಂಡದ್ದು ನಿಜ, ಕಳ್ಳ ಮಾತ್ರ ಬೇರೆ. ಬ್ಯಾಟರಿ ಪುಟದಲ್ಲಿ ಮೊಬೈಲ್ ನೆಟ್‌ವರ್ಕ್ ಅಂತ ಒಂದು ಸಾಲು ಇರುತ್ತದೆ. ಅದನ್ನು ಯಾರೂ ನೋಡುವುದೇ ಇಲ್ಲ, ಅಲ್ವಾ?

ಕೇಬಲ್ಲು, ಎರಡನೇ ಡಬ್ಬಿ

ಇನ್ನು ಒಳರೂಮಿಗೆ ವೈಫೈ ಮುಟ್ಟಿಸಬೇಕು. ಸುಲಭದ ದಾರಿ ಅಂತ ಎಲ್ಲರೂ ಹೇಳುವುದು ರಿಪೀಟರ್. ಸ್ವಿಚ್ಚಿಗೆ ಸಿಕ್ಕಿಸಿದರೆ ಆಯಿತು. ನಾನು ಬೇಡ ಅಂದೆ. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದರಲ್ಲೇ ಮತ್ತೆ ಹೇಳಬೇಕು. ಹೆಚ್ಚುಕಡಿಮೆ ಅರ್ಧ ಸ್ಪೀಡು ಅಲ್ಲೇ ಹೋಗುತ್ತದೆ. ನಡುಮನೆ ತನಕ ಕೇಬಲ್ ಹೇಗೂ ಇದೆಯಲ್ಲ, ಅದನ್ನೇ ಬಳಸೋಣ ಅನ್ನಿಸಿತು.

ಟಿವಿ ಹಿಂದಿನ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದೆ. 94 ಎಂಬಿಪಿಎಸ್. ಪಡಸಾಲೆಯಲ್ಲಿ ಹೊಸ ಕೇಬಲ್ಲಿನಲ್ಲಿ 200 ಬರುತ್ತಿದೆ, ಇಲ್ಲಿ 94ರಲ್ಲಿ ಗಟ್ಟಿಯಾಗಿ ನಿಂತಿದೆ. 94 ಅನ್ನುವ ಅಂಕಿ ನೋಡಿದರೆ ಯಾವಾಗಲೂ ಅನುಮಾನ ಪಡಬೇಕು. ಅದು 100 ಎಂಬಿಪಿಎಸ್‌ನ ಈಥರ್‌ನೆಟ್ (ಲ್ಯಾನ್ ಕೇಬಲ್) ಸಂಪರ್ಕದ ಮಿತಿ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಓಡಬೇಕಾದರೆ ಕೇಬಲ್ಲಿನ ನಾಲ್ಕೂ ಜೋಡಿ, ಎಂಟೂ ತಂತಿ ಕೂಡಬೇಕು. 100ಕ್ಕೆ 1, 2, 3, 6 ಈ ನಾಲ್ಕು ಸಾಕು. ಲ್ಯಾನ್ ಟೆಸ್ಟರ್ ಹಾಕಿದರೆ 4, 5ರ ದೀಪ ಹತ್ತಲೇ ಇಲ್ಲ. ನೀಲಿ ಜೋಡಿ ಹೋಗಿತ್ತು. ಟಿವಿಗಳ ಲ್ಯಾನ್ ಪೋರ್ಟ್ ಹೆಚ್ಚಾಗಿ 100ರದ್ದೇ ಆದ್ದರಿಂದ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಸಜ್ಜದ ಕಡೆಯ ತುದಿಯಲ್ಲಿ ಇಲಿ ಕಡಿದಿತ್ತು. ಹೊರಗಿನ ಸಿಪ್ಪೆ ಹೋಗಿ, ನೀಲಿ ತಂತಿಗಳು ತುಂಡಾಗಿದ್ದವು. ಅದೃಷ್ಟಕ್ಕೆ ಕೇಬಲ್ ಒಂದು ಸುತ್ತು ಹೆಚ್ಚಿಗೆ ಬಿಟ್ಟಿದ್ದರು. ಕಡಿದ ಜಾಗದಿಂದ ಒಂದು ಗೇಣು ಹಿಂದಕ್ಕೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ಕ್ರಿಂಪ್ ಮಾಡಿದೆ. ಬಣ್ಣದ ಸಾಲು ಮಾಮೂಲಿ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ತಂತಿ ಬಿಚ್ಚುವಾಗ ಜೋಡಿಗಳ ತಿರುವನ್ನು ಆದಷ್ಟು ತುದಿ ತನಕ ಉಳಿಸಬೇಕು. ಹೊರಗಿನ ಸಿಪ್ಪೆಯೂ ಕನೆಕ್ಟರಿನ ಒಳಗೆ ಕೂತು ಹಲ್ಲಿಗೆ ಸಿಕ್ಕಬೇಕು, ಇಲ್ಲದಿದ್ದರೆ ಒಂದು ಸಲ ಜಗ್ಗಿದರೆ ಸಡಿಲ. ಎಂಟೂ ದೀಪ ಹತ್ತಿದವು. ಕೇಬಲ್ಲನ್ನು ಗೋಡೆಯ ತೂತಿನ ತನಕ ಪಿವಿಸಿ ಪೈಪಿನೊಳಗೆ ಇಳಿಸಿದೆ. ಇಲಿಗೆ ಇನ್ನೇನು ಸಿಗುತ್ತದೋ ನೋಡೋಣ.

ನಡುಮನೆಗೆ ನನ್ನ ಹತ್ತಿರ ಸುಮ್ನೆ ಬಿದ್ದಿದ್ದ ಡ್ಯುಯಲ್ ಬ್ಯಾಂಡ್ ರೂಟರ್ ತಂದೆ. ಕೊಳ್ಳುವವರು ಒಂದು ವಿಷಯ ನೋಡಿ. ಡಬ್ಬದ ಮೇಲೆ ಎಸಿ1200 ಅಂತ ದಪ್ಪಕ್ಷರದಲ್ಲಿ ಬರೆದು, ಹಿಂದಿನ ಪೋರ್ಟುಗಳನ್ನು 100ರವೇ ಇಟ್ಟ ಅಗ್ಗದ ರೂಟರುಗಳು ಬೇಕಾದಷ್ಟಿವೆ. ಅದನ್ನು ಹಾಕಿದರೆ ಮತ್ತೆ ಅದೇ 94. ಗಿಗಾಬಿಟ್ ಪೋರ್ಟ್ ಅಂತ ಬರೆದಿದೆಯಾ ನೋಡಿಯೇ ತೆಗೆದುಕೊಳ್ಳಬೇಕು.

ಆ ರೂಟರನ್ನು ಬರೀ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈ ಮಾಡಿ ಹಂಚುವ ಡಬ್ಬಿ ಮಾಡಿದೆ. ಅದರ ಡಿಎಚ್‌ಸಿಪಿ (ಫೋನುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್, ಅದರ ಸ್ವಂತ ವಿಳಾಸ 192.168.1.2, ಕೇಬಲ್ ಹೊರಗಿನ ಇಂಟರ್‌ನೆಟ್ಟಿಗೆ ಇರುವ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ. 2.4 ಗಿಗಾಹರ್ಟ್ಸಿನಲ್ಲಿ ಪಡಸಾಲೆಗೆ 1ನೇ ಚಾನೆಲ್, ನಡುಮನೆಗೆ 6. ಒಂದಕ್ಕೊಂದು ಮೇಲೆ ಬೀಳದ ಚಾನೆಲ್‌ಗಳು ಅಂದರೆ 1, 6, 11 ಅಷ್ಟೇ. 5 ಗಿಗಾಹರ್ಟ್ಸಿನಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149. ಪಡಸಾಲೆ ಡಬ್ಬಿಯನ್ನು ಟ್ರಂಕಿನ ಪಕ್ಕದಿಂದ ಬಿಡಿಸಿ, ಬಾಗಿಲ ಮೇಲೆ ಎರಡು ಮೊಳೆ ಹೊಡೆದು ನೇತು ಹಾಕಿದೆ. ಹಂಡೆಗಳನ್ನು ಸರಿಸಲು ಅಕ್ಕ ಒಪ್ಪಲಿಲ್ಲ.

ಒಂದು ತೊಂದರೆ ಬಂತು. ಭಾವ ಪಡಸಾಲೆಯಿಂದ ಒಳಗೆ ಹೋದರೂ ಫೋನು ಹಳೇ ಡಬ್ಬಿಯನ್ನೇ ಹಿಡಿದುಕೊಂಡಿರುತ್ತಿತ್ತು. ಪಕ್ಕದಲ್ಲಿ ಜೋರಾದ ಸಿಗ್ನಲ್ ಇದ್ದರೂ ಬಿಡುತ್ತಿರಲಿಲ್ಲ. ಯಾವಾಗ ಬದಲಾಯಿಸಬೇಕು ಅನ್ನುವುದು ಫೋನಿನ ತೀರ್ಮಾನ, ರೂಟರಿನದ್ದಲ್ಲ. ಪಡಸಾಲೆ ಡಬ್ಬಿಯ 2.4 ಗಿಗಾಹರ್ಟ್ಸ್ ಪವರನ್ನು ಮಧ್ಯಮಕ್ಕೆ ಇಳಿಸಿದೆ. ನಡುಮನೆ ದಾಟುವಷ್ಟರಲ್ಲಿ ಅದು ಸಾಕಷ್ಟು ದುರ್ಬಲವಾಗಿ ಫೋನು ತಾನೇ ಬಿಟ್ಟಿತು.

ಈಗ ಒಳರೂಮಿನಲ್ಲಿ 5 ಗಿಗಾಹರ್ಟ್ಸ್ ಮೈನಸ್ 55, ಸ್ಪೀಡು 190ರ ಆಸುಪಾಸು. ಅದೇ ಒಂದು ಗಂಟೆಯ ವಿಡಿಯೋಗೆ 315 ಎಂಎಎಚ್. ಎರಡನೇ ಸಿಮ್ ಆಫ್.

ಒಳರೂಮಿನಲ್ಲಿ ಕಾಲ್ ಕಟ್ ಆಗುತ್ತದೆ ಅನ್ನುವ ಹಳೇ ದೂರಿಗೆ ವೈಫೈ ಕಾಲಿಂಗ್ ಆನ್ ಮಾಡಿದೆ. ನಮ್ಮಲ್ಲಿ 2019ರ ಕೊನೆ, 2020ರ ಮೊದಲಿನಿಂದ ದೊಡ್ಡ ಕಂಪನಿಗಳು ಇದನ್ನು ಕೊಡುತ್ತಿವೆ, ಪ್ರತ್ಯೇಕ ಚಾರ್ಜ್ ಇಲ್ಲ. ರಾತ್ರಿ ಏರೋಪ್ಲೇನ್ ಮೋಡ್, ವೈಫೈ, ವೈಫೈ ಕಾಲಿಂಗ್, ಈ ಮೂರೂ ಇದ್ದರೆ ಬ್ಯಾಟರಿ ಲೆಕ್ಕದಲ್ಲಿ ಅದಕ್ಕಿಂತ ಚೆನ್ನಾದದ್ದು ಇಲ್ಲ. ಕಾಲೂ ಬರುತ್ತದೆ. ಆದರೆ ಹಗಲು ಹೀಗೆ ಇಟ್ಟಾಗ ಭಾವನ ಬ್ಯಾಂಕಿನ ಓಟಿಪಿ ಬರದೆ ರೇಗಾಡಿದರು. ಹಾಗಾಗಿ ಹಗಲು ಮಾಮೂಲಿ, ರಾತ್ರಿ ಮಾತ್ರ ಈ ಏರ್ಪಾಡು.

ಕರೆಂಟು ಹೋದಾಗ

ಬೆಸ್ಕಾಂ ಕರೆಂಟು ಹೋದರೆ ಎರಡೂ ಡಬ್ಬಿ ಸಾಯುತ್ತವೆ. ಎಲ್ಲರ ಫೋನೂ 4ಜಿಗೆ ಬೀಳುತ್ತದೆ, ಊರಿನವರದ್ದೂ ಅಷ್ಟೇ. 12 ವೋಲ್ಟಿನ ಮಿನಿ ಯುಪಿಎಸ್ ಹಾಕೋಣ ಅಂತ ಮೊದಲು ಖರ್ಚು ಅಳೆದೆ. ಎರಡೂ ಡಬ್ಬಿ ಸೇರಿ 11 ವ್ಯಾಟ್. ಯುಪಿಎಸ್ ಮೇಲೆ 8800 ಎಂಎಎಚ್ ಅಂತ ಬರೆದಿತ್ತು. ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ, 12 ವೋಲ್ಟಿನದ್ದಲ್ಲ. ಗುಣಿಸಿದರೆ ಸುಮಾರು 32 ವ್ಯಾಟ್ ಅವರ್. 11ರಿಂದ ಭಾಗಿಸಿದರೆ ಮೂರು ಗಂಟೆ. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಸೋರಿ, ಎರಡೂವರೆ ಗಂಟೆ ಬಂತು. ರೂಟರಿನ ಅಡಾಪ್ಟರ್ 12 ವೋಲ್ಟೋ 9 ವೋಲ್ಟೋ ಅಂತ ಓದದೆ ಸಿಕ್ಕಿಸಬೇಡಿ. ಪಿನ್ನು ಒಂದೇ ಥರ ಇದ್ದರೂ ಒಳಗಿನದ್ದು ಬೇರೆ.

ಈ 11 ವ್ಯಾಟ್ ನೋಡಿ ಅಕ್ಕ ಒಂದು ಮಾತು ಕೇಳಿದಳು. "ಫೋನ್ ಬ್ಯಾಟರಿ ಉಳಿಸೋಕೆ ಇಡೀ ದಿನ ಎರಡು ಡಬ್ಬಿ ಉರಿಸ್ತಾ ಇದ್ದೀವಲ್ಲೋ?" ಲೆಕ್ಕ ಹಾಕಿದರೆ ದಿನಕ್ಕೆ 264 ವ್ಯಾಟ್ ಅವರ್, ತಿಂಗಳಿಗೆ 8 ಯೂನಿಟ್. 5000 ಎಂಎಎಚ್ ಫೋನು ಪೂರ್ತಿ ತುಂಬಿದರೆ 19 ವ್ಯಾಟ್ ಅವರ್. ದಿನಾ ಡಬ್ಬಿಗಳು ತಿನ್ನುವ ಕರೆಂಟಿನಲ್ಲಿ ಆ ಫೋನನ್ನು ಹದಿಮೂರು ಸಲ ತುಂಬಬಹುದು. ವೈಫೈಯಿಂದ ಉಳಿಯುವುದು ಫೋನಿನ ಬ್ಯಾಟರಿ, ಮನೆಯ ಕರೆಂಟಲ್ಲ. ಅವಳ ಪ್ರಶ್ನೆಗೆ ಉತ್ತರವಾಗಿ ನಡುಮನೆಯ ಡಬ್ಬಿಗೆ ಒಂದು ಟೈಮರ್ ಪ್ಲಗ್ ಹಾಕಿದೆ. ಬೆಳಿಗ್ಗೆ ಎಲ್ಲರೂ ಕೆಲಸ, ಕಾಲೇಜಿಗೆ ಹೋದ ಮೇಲೆ ಆಫ್, ಮಧ್ಯಾಹ್ನ ಮೂರಕ್ಕೆ ಆನ್.

ತಾರಸಿಗೆ ವೈಫೈ ಹಾಕಿಲ್ಲ. ಅಲ್ಲಿ ಡೇಟಾ ಚೆನ್ನಾಗೇ ಸಿಗುತ್ತದೆ, ಹುಡುಗಿಗೂ ಬೇಡವಂತೆ. ಭಾವ ಹಳೇ ಸಿಮ್ಮನ್ನು ಹಗಲು ಮತ್ತೆ ಆನ್ ಮಾಡಿಕೊಳ್ಳುತ್ತಿದ್ದಾರೆ ಅಂತ ಸುದ್ದಿ.